ಅಟ್ಟದ ಮೇಲಿನ ಕೌದಿ

ಹೊಸ ಮನೆಯ ಆಶೀರ್ವಾದವೆಂದರೆ ನಮಗೆ ಬಹಳ ಪ್ರಿಯವಾದ ಕೆಲಸ. ಮೇಣದಬತ್ತಿ ಹಿಡಿದ ಮಕ್ಕಳು ಮುಂದೆ, ಮನೆಯವರು ಹಿಂದೆ. ಪಡಸಾಲೆಯಿಂದ ಆರಂಭಿಸಿ ಅಡುಗೆಮನೆ, ಮಲಗುವ ಕೋಣೆ, ಹಿತ್ತಲು ಎಂದು ಪವಿತ್ರ ಜಲ ಸಿಂಪಡಿಸುತ್ತಾ ಸಾಗುತ್ತೇವೆ. ಒಂದು ಕುಟುಂಬ ಯಾವುದನ್ನು ಮುಂದಿಡುತ್ತದೆ, ಯಾವುದನ್ನು ಮರೆಮಾಡುತ್ತದೆ ಎಂಬುದು ಆ ಹತ್ತು ನಿಮಿಷಗಳಲ್ಲಿ ಗುರುಗಳ ಕಣ್ಣಿಗೆ ಬೀಳದೆ ಇರುವುದಿಲ್ಲ. ಕಣ್ಣಿಗೆ ಬಿದ್ದದ್ದನ್ನು ನಾವು ಹೇಳಲು ಹೋಗುವುದಿಲ್ಲ, ಅಷ್ಟೇ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಒಂದು ಕುಟುಂಬ ಸಾಲಸೋಲ ಮಾಡಿ ಎರಡು ಕೋಣೆಯ ಮನೆ ಕಟ್ಟಿಸಿತು. ಆ ಮನೆಯ ಸೊಸೆಯ ತವರು ಕರಜಗಿ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ಊರು. ಆಶೀರ್ವಾದದ ಹಿಂದಿನ ದಿನವೇ ಆಕೆಯ ತಾಯಿ ಬಸ್ಸು ಹತ್ತಿ ಬಂದಿದ್ದರು. ಬರುವಾಗ ತಲೆಯ ಮೇಲೊಂದು ದೊಡ್ಡ ಗಂಟು ತಂದಿದ್ದರು. ನಾವು ಬೆಳಿಗ್ಗೆ ಸ್ವಲ್ಪ ಬೇಗನೆ ಹೋದಾಗ ಆ ಗಂಟು ಬಿಚ್ಚಿತ್ತು. ಮಲಗುವ ಕೋಣೆಯ ಹೊಸ ಮಂಚದ ಮೇಲೆ ಒಂದು ಕೌದಿ ಹಾಸಿತ್ತು. ಕೆಂಪು, ಕಪ್ಪು, ಹಸಿರು, ಬಿಳಿ ತುಂಡುಗಳ ಕೌದಿ. ತಾಯಿ ಅದರ ಅಂಚನ್ನು ಕೈಯಿಂದ ಸವರಿ ಸರಿಮಾಡುತ್ತಾ ನಿಂತಿದ್ದರು.

ಅತಿಥಿಗಳು ಬರತೊಡಗಿದರು. ಅಳಿಯನ ಕಚೇರಿಯವರು, ನೆರೆಯವರು, ಸಂಘದವರು. ಆಶೀರ್ವಾದದ ಮೆರವಣಿಗೆ ಆ ಕೋಣೆಗೆ ಬರುವಷ್ಟರಲ್ಲಿ ಮಂಚದ ಮೇಲೆ ಹೂವಿನ ಚಿತ್ತಾರದ ಮಿನುಗುವ ಹೊಸ ಚಾದರ ಬಂದಿತ್ತು. ಕೌದಿ ಅಟ್ಟ ಸೇರಿತ್ತು, ಅದರ ಒಂದು ಮೂಲೆ ಕೆಳಗೆ ಜೋತಾಡುತ್ತಿತ್ತು. ನಾವು ಮಂಚದ ಮೇಲೆ ಪವಿತ್ರ ಜಲ ಸಿಂಪಡಿಸಿದೆವು. ಅಟ್ಟದ ಕಡೆಗೆ ಒಂದು ಹನಿಯೂ ಹೋಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಆ ತಾಯಿ ಮೇಲೆ ನೋಡಿದರು, ಮಗಳನ್ನು ನೋಡಿದರು, ಸೆರಗು ತಲೆಯ ಮೇಲೆ ಎಳೆದುಕೊಂಡರು. ಏನೂ ಮಾತಾಡಲಿಲ್ಲ.

ಊಟವಾದ ಮೇಲೆ ನೋಡಿದರೆ ಅವರು ಚಪ್ಪಲಿ ಮೆಟ್ಟುತ್ತಿದ್ದರು. "ಇನ್ನೂ ಎರಡು ದಿನ ಇರಬಹುದಿತ್ತಲ್ಲಮ್ಮ" ಎಂದೆವು. "ಇಲ್ಲರಿ ಅಪ್ಪಾರ, ಮನ್ಯಾಗ ಎಮ್ಮಿ ಅದ. ಸಂಜೀ ಬಸ್ಸು ತಪ್ಪತದ" ಎಂದು ನಡೆದೇಬಿಟ್ಟರು.

ಕರಜಗಿಯ ಪಡಸಾಲೆ

ಐದಾರು ತಿಂಗಳ ನಂತರ ಒಂದು ಸಂಜೆ ಆ ಮಗಳು ನಮ್ಮ ಬಳಿ ಬಂದರು. "ಅವ್ವನ ಮೈಯಾಗ ಆರಾಮ ಇಲ್ಲ ಫಾದರ್. ಫೋನ್ ಮಾಡಿದ್ರೂ ಎರಡು ಮಾತಾಡಿ ಇಟ್ಟುಬಿಡ್ತಾಳ. ನೀವು ಒಮ್ಮೆ ನಮ್ಮ ಜೊತಿ ಬರ್ರಿ" ಎಂದರು. ಹೀಗೆ ನಾವು ಕರಜಗಿಗೆ ಹೋದೆವು.

ಅಕ್ಕಲಕೋಟ ಸೀಮೆಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಅಕ್ಕಲಕೋಟ ಮೊದಲು ಒಂದು ಸಣ್ಣ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಕನ್ನಡ ನಾಡುಗಳು ಒಂದಾದಾಗ ಇದು ಆಚೆಗೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಇದನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತಾದರೂ ಅದು ಕಾಗದದಲ್ಲೇ ನಿಂತಿತು. ಕಚೇರಿಯ ಕಾಗದ ಮರಾಠಿ, ಬಸ್ಸಿನ ಬೋರ್ಡು ಮರಾಠಿ. ಆದರೆ ಒಲೆಯ ಮುಂದಿನ ಮಾತು ಕನ್ನಡ, ಮಕ್ಕಳನ್ನು ಬೈಯುವುದು ಕನ್ನಡ, ತೊಟ್ಟಿಲು ತೂಗುವುದೂ ಕನ್ನಡ. ಅಲ್ಲಿನ ಜಿಲ್ಲಾ ಪರಿಷತ್ತು ನಡೆಸುವ ಕನ್ನಡ ಶಾಲೆಗಳೂ ಇವೆ. ಗಡಿ ಬದಲಾದರೂ ಮನೆಯೊಳಗಿನ ಬದುಕು ಅಷ್ಟು ಬೇಗ ಬದಲಾಗುವುದಿಲ್ಲ.

ಕಪ್ಪು ಮಣ್ಣಿನ ಜೋಳದ ಸೀಮೆ ಅದು. ನಾವು ಹೋದಾಗ ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ಆ ಮನೆಯವರು ಕ್ರೈಸ್ತರಲ್ಲ. ಆದರೂ 'ಅಪ್ಪಾರು ಬಂದಾರ' ಎಂದು ಕೈಕಾಲಿಗೆ ನೀರು ಕೊಟ್ಟರು. ಪಡಸಾಲೆಯಲ್ಲಿ ಕೂರಲು ಏನು ಹಾಸಿದರೆಂದು ಬಲ್ಲಿರಾ? ಮನೆಯಲ್ಲಿದ್ದ ಎಲ್ಲಕ್ಕಿಂತ ಹೊಸ ಕೌದಿ. ನಮ್ಮ ಧರ್ಮಕೇಂದ್ರದ ಮನೆಯಲ್ಲಿ ಅತಿಥಿಗಳು ಬಂದರೆಂದು ಅಟ್ಟಕ್ಕೆ ಹೋದ ವಸ್ತು, ಇಲ್ಲಿ ಅತಿಥಿ ಬಂದರೆಂದು ಕೆಳಗಿಳಿದಿತ್ತು. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂತು. ತಾಯಿ ಸಣಕಲಾಗಿದ್ದರು, ಕಣ್ಣು ಮಂಜಾಗಿತ್ತು. ಪಕ್ಕದಲ್ಲಿ ಅರ್ಧ ಹೊಲಿದ ಇನ್ನೊಂದು ಕೌದಿ ಮಡಚಿಟ್ಟಿತ್ತು.

ಒಂದು ಕೌದಿಯಲ್ಲಿ ಎಷ್ಟು ಜನ?

ಬೆಂಗಳೂರು, ಮಂಗಳೂರು ಕಡೆಯ ನಮ್ಮ ಓದುಗರಿಗೆ ಕೌದಿ ಅಷ್ಟು ಪರಿಚಯವಿರಲಿಕ್ಕಿಲ್ಲ. ಉಟ್ಟು ಹಳತಾದ ಸೀರೆ, ಧೋತರ, ಅಂಗಿ, ಲಂಗಗಳನ್ನು ಒಂದರ ಮೇಲೊಂದು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ದೊಡ್ಡ ಸೂಜಿಯಿಂದ ಸಾಲುಸಾಲಾಗಿ ಹೊಲಿದ ಹೊದಿಕೆಯೇ ಕೌದಿ. ಸುಗ್ಗಿ ಮುಗಿದು ಬೇಸಿಗೆಯ ಮಧ್ಯಾಹ್ನ ಕೈಗೆ ಬಿಡುವು ಸಿಕ್ಕಾಗ ಹೆಂಗಸರು ಕೂಡಿ ಕುಳಿತು ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮಲಗುವ ಹಾಸಿಗೆ ಅದೇ, ಹೊದಿಕೆ ಅದೇ, ಬಾಣಂತಿಯ ಬೆಚ್ಚನೆಯೂ ಅದೇ.

"ಇದರಾಗ ಯಾರ್ಯಾರ ಬಟ್ಟಿ ಅವ ಅಮ್ಮಾ?" ಎಂದು ಕೇಳಿದೆವು. ಮಂಜುಗಣ್ಣಿನ ಆ ತಾಯಿ ಬೆರಳಿನಿಂದಲೇ ಮುಟ್ಟಿ ಹೇಳತೊಡಗಿದರು. "ಇದು ನಮ್ಮತ್ತಿದು, ಚಂದ್ರಕಾಳಿ ಸೀರಿ. ಇದು ಇವರಪ್ಪಂದು ಧೋತರ. ಇದು ನನ್ನ ಮದವಿ ಖಣ. ಇದು ಇಕಿ ಸಾಲಿಗಿ ಹೋಗೂಮುಂದ ಹಾಕ್ಕೊಳ್ತಿದ್ದ ಲಂಗ." ಮಗಳು ತಲೆ ತಗ್ಗಿಸಿ ಕುಳಿತಿದ್ದರು. ಅಟ್ಟಕ್ಕೆ ಎಸೆದ ಕೌದಿಯಲ್ಲಿ ಇದ್ದದ್ದು ಹಳೆಯ ಬಟ್ಟೆಯಲ್ಲ, ಅಜ್ಜಿ, ಅಪ್ಪ, ಅವ್ವ, ಮತ್ತು ಲಂಗ ತೊಟ್ಟು ಕನ್ನಡ ಸಾಲಿಗೆ ಓಡುತ್ತಿದ್ದ ತಾನೇ ಎಂಬುದು ಆಕೆಗೆ ಆಗ ಹೊಳೆದಿರಬೇಕು.

ಆ ಬಟ್ಟೆಗಳಾದರೂ ಸಾಮಾನ್ಯವೇ? ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ನೋಡಿ. ಮೈಯ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ. ಎರಡರ ಹಾಸುನೂಲನ್ನು ಕುಣಿಕೆಗೆ ಕುಣಿಕೆ ಸೇರಿಸಿ ಜೋಡಿಸುವ ಕಲೆಗೆ ಅಲ್ಲಿನ ನೇಕಾರರು ಕೊಂಡಿ ಎನ್ನುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ, ದಡಿಗೆ ಗೋಮಿ, ಪರಾಸ, ಗಾಡಿ ಎಂಬ ಹೆಸರುಗಳು. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಇದು ಈ ಸೀಮೆಯ ಹೆಣ್ಣುಮಕ್ಕಳ ಉಡುಗೆ. ವರ್ಷಗಟ್ಟಲೆ ಉಟ್ಟು, ಸವೆದ ಮೇಲೆ ಕೌದಿಗೆ ಹೋಗುತ್ತದೆ. ಎಸೆಯುವ ಮಾತೇ ಇಲ್ಲ. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ಜಗತ್ತನ್ನು ಎಚ್ಚರಿಸಿದರು. ಕರಜಗಿಯ ತಾಯಂದಿರು ಆ ಪತ್ರ ಓದಿಲ್ಲ. ಆದರೆ ಅದು ಹೇಳಿದಂತೆ ಬಹಳ ಕಾಲದಿಂದ ಬದುಕಿದ್ದಾರೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರೂ ಕೌದಿ ಹೊಲಿಯುತ್ತಾರೆ. ಅವರಲ್ಲಿ ನಮ್ಮ ಕಥೋಲಿಕ ಸಹೋದರಿಯರೂ ಇದ್ದಾರೆ. ಕೆಲವರು ಕೌದಿಯ ಮೇಲೆ ಶಿಲುಬೆಯ ಗುರುತನ್ನು ತುಂಡುಬಟ್ಟೆಯಲ್ಲಿ ಮೂಡಿಸುತ್ತಾರೆ. ನಾಲ್ಕು ಮೂಲೆಗೂ ಮುಕ್ಕೋನದ ಮಡಿಕೆಗಳನ್ನಿಟ್ಟು ಅದನ್ನು ಹೂವು ಎನ್ನುತ್ತಾರೆ. ಆ ಹೂವಿಲ್ಲದ ಕೌದಿ ಅವರಿಗೆ ಬೆತ್ತಲೆ ಇದ್ದಂತೆ. ಈ ಕೌದಿಗಳು ಅಮೆರಿಕದ ಸಂಗ್ರಹಾಲಯಗಳ ಗೋಡೆಯ ಮೇಲೆ ಪ್ರದರ್ಶನಗೊಂಡಿವೆ. ನಾವು ನಾಚಿಕೊಂಡು ಅಟ್ಟಕ್ಕೆ ಹಾಕಿದ್ದನ್ನು ಹೊರದೇಶದವರು ಮೆಚ್ಚಿಕೊಂಡು ತೂಗುಹಾಕಿದ ಮೇಲೆ ನಮಗೆ ಅದರ ಬೆಲೆ ತಿಳಿಯುವುದಾದರೆ ಅದು ಸಂತೋಷದ ವಿಷಯವೇನೂ ಅಲ್ಲ.

ನಮ್ಮದೇ ಒಂದು ತಪ್ಪೊಪ್ಪಿಗೆ

ಆ ಮಗಳಿಗೆ ನಾವು ಅಂದು ಯಾಕೆ ಬುದ್ಧಿ ಹೇಳಲಿಲ್ಲ ಎಂದು ನೀವು ಕೇಳಬಹುದು. ಹೇಳುವ ಬಾಯಿ ನಮಗಿರಲಿಲ್ಲ.

ನಮ್ಮೂರೂ ಜೋಳದ ಸೀಮೆಯೇ. ನಾವು ಗುರುಮಠ ಸೇರುವಾಗ ನಮ್ಮ ಅವ್ವ ಟ್ರಂಕಿನ ಮೇಲೊಂದು ಕೌದಿ ಕಟ್ಟಿ ಕಳಿಸಿದ್ದರು. ಅಲ್ಲಿ ಬೇರೆ ಬೇರೆ ಊರುಗಳಿಂದ ಬಂದ ಹುಡುಗರಿದ್ದರು. ಸಾಲಾಗಿ ಹಾಕಿದ ಮಂಚಗಳ ಮೇಲೆ ಬಿಳಿಯ ಚಾದರ, ಒಳ್ಳೆಯ ಕಂಬಳಿಗಳಿದ್ದವು. ನಮ್ಮ ಮಂಚದ ಮೇಲೆ ಮಾತ್ರ ಚಿಂದಿ ಜೋಡಿಸಿದ ಕೌದಿ. ಒಬ್ಬನು ತಮಾಷೆಗೆ ಏನೋ ಅಂದ, ನಾಲ್ವರು ನಕ್ಕರು. ಅಷ್ಟೇ ನಡೆದದ್ದು. ಆದರೆ ಹದಿನೇಳರ ವಯಸ್ಸಿಗೆ ಅಷ್ಟು ಸಾಕಾಯಿತು. ಕೌದಿಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದೆವು. ಆ ಚಳಿಗಾಲ ತೆಳುವಾದ ಚಾದರದಲ್ಲಿ ಮುದುಡಿ ಮಲಗಿದೆವು. ಮುಂದೊಂದು ದಿನ ಜಾಗವಿಲ್ಲವೆಂದು ಅದನ್ನು ರಾತ್ರಿ ಕಾವಲುಗಾರನಿಗೆ ಕೊಟ್ಟುಬಿಟ್ಟೆವು.

ಬಡವನಿಗೆ ಕೊಟ್ಟೆವು, ಒಳ್ಳೆಯದೇ ಆಯಿತಲ್ಲ ಎಂದು ನಮ್ಮ ಮನಸ್ಸಿಗೆ ನಾವೇ ಸಮಾಧಾನ ಹೇಳಿಕೊಂಡದ್ದುಂಟು. ಅದು ದಾನವಾಗಿರಲಿಲ್ಲ. ನಾಚಿಕೆಯನ್ನು ಬೇರೊಬ್ಬರ ಹೆಗಲಿಗೆ ದಾಟಿಸಿದ್ದು, ಅಷ್ಟೇ. ಮರುವರ್ಷ ಅವ್ವ ನೋಡಲು ಬಂದರು. ಮಂಚವನ್ನು ನೋಡಿ, "ಕೌದಿ ಎಲ್ಲಿ ಹೋತೋ?" ಎಂದರು. "ಒಗ್ಯಾಕ ಹಾಕೀನಿ ಅವ್ವಾ" ಎಂದೆವು. ಗುರುವಾಗಬೇಕೆಂದು ಹೊರಟ ಮಗ ಹೆತ್ತ ತಾಯಿಗೆ ಸುಳ್ಳು ಹೇಳಿದ. ಅವ್ವ ತಲೆಯಾಡಿಸಿದರು. ಮತ್ತೆಂದೂ ಕೇಳಲಿಲ್ಲ, ಇನ್ನೊಂದು ಹೊಲಿದು ಕಳಿಸಲೂ ಇಲ್ಲ. ಈಗ ಅವರಿಲ್ಲ. ಈ ತಪ್ಪನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇವೆ. ದೇವರು ಕ್ಷಮಿಸಿದ್ದಾರೆಂದು ನಂಬಿದ್ದೇವೆ. ಆದರೆ ಯಾರ ಮುಂದೆ ಹೇಳಬೇಕಿತ್ತೋ ಅವರ ಮುಂದೆ ಹೇಳಲಾಗಲಿಲ್ಲ.

ಬೈಬಲಿನ ಬಟ್ಟೆಗಳು

ಬಟ್ಟೆಯ ವಿಷಯ ಲೌಕಿಕವಾದದ್ದು, ದೇವರಿಗೆ ಅದರಲ್ಲೇನು ಎಂದು ಕೆಲವರು ಹೇಳುತ್ತಾರೆ. ಬೈಬಲ್ ಹಾಗೆ ತಿಳಿಯುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ದೋರ್ಕಾ ಎಂಬ ಸಹೋದರಿ ತೀರಿಕೊಂಡಾಗ ಪೇತ್ರ ಬರುತ್ತಾನೆ. ವಿಧವೆಯರು ಅವನ ಸುತ್ತ ನಿಂತು ಅಳುತ್ತಾ ಅವಳು ತಮಗಾಗಿ ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸುತ್ತಾರೆ. ಅವಳ ಬಗ್ಗೆ ಭಾಷಣ ಮಾಡುವುದಿಲ್ಲ, ಬಟ್ಟೆ ತೋರಿಸುತ್ತಾರೆ. ಒಬ್ಬ ಹೆಣ್ಣುಮಗಳ ಪುಣ್ಯಕ್ಕೆ ಅವಳ ಹೊಲಿಗೆಯೇ ಸಾಕ್ಷಿ.

ಸಂತ ಪೌಲರು ಸೆರೆಯಲ್ಲಿದ್ದು ತಮ್ಮ ಕೊನೆಗಾಲ ಬಂತೆಂದು ಬಲ್ಲವರಾಗಿ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಏನು ಬೇಡುತ್ತಾರೆ? ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತಂದುಕೊಡು ಎನ್ನುತ್ತಾರೆ. ಚಳಿಗಾಲಕ್ಕೆ ಮೊದಲೇ ಬಾ ಎಂದೂ ಹೇಳುತ್ತಾರೆ. ಅಷ್ಟು ದೊಡ್ಡ ಪ್ರೇಷಿತರಿಗೂ ತಮ್ಮ ಹಳೆಯ ಹೊದಿಕೆ ಬೇಕಾಗಿತ್ತು. ಇನ್ನು ನಮ್ಮ ಪ್ರಭು ಯೇಸುಸ್ವಾಮಿಯ ಅಂಗಿ ಹೊಲಿಗೆಯಿಲ್ಲದೆ ಮೇಲಿಂದ ಕೆಳಗಿನವರೆಗೆ ಒಂದೇ ಆಗಿ ನೇಯ್ದದ್ದಾಗಿತ್ತೆಂದು ಸಂತ ಯೊವಾನ್ನರು ಮರೆಯದೆ ಬರೆದಿದ್ದಾರೆ.

ಸಂತ ಮಾರ್ಟಿನರ ಕಥೆ ಎಲ್ಲರಿಗೂ ಗೊತ್ತು. ನಾಲ್ಕನೆಯ ಶತಮಾನದ ರೋಮನ್ ಸೈನಿಕ. ಅಮಿಯಾನ್ ನಗರದ ಬಾಗಿಲಲ್ಲಿ ಚಳಿಯಿಂದ ನಡುಗುವ ಭಿಕ್ಷುಕನನ್ನು ಕಂಡು ತನ್ನ ಹೊದಿಕೆಯನ್ನು ಕತ್ತಿಯಿಂದ ಎರಡಾಗಿ ಕತ್ತರಿಸಿ ಅರ್ಧ ಕೊಟ್ಟ. ಅಂದು ರಾತ್ರಿ ಕನಸಿನಲ್ಲಿ ಆ ಅರ್ಧವನ್ನು ಹೊದ್ದು ಕ್ರಿಸ್ತರೇ ಕಾಣಿಸಿಕೊಂಡರು. ನವೆಂಬರ್ 11 ಅವರ ಹಬ್ಬ. ಆ ಹೊದಿಕೆಯನ್ನು ಮುಂದೆ ಪೂಜ್ಯವೆಂದು ಕಾಪಾಡಿದ ಸ್ಥಳಕ್ಕೆ ಲತೀನಿನಲ್ಲಿ ಬಂದ ಹೆಸರಿನಿಂದಲೇ ನಾವು ಇಂದು ಬಳಸುವ 'ಚಾಪೆಲ್' ಎಂಬ ಮಾತು ಹುಟ್ಟಿತು. ಚಾಪೆಲ್ ಎಂದರೆ ಮೂಲದಲ್ಲಿ ಒಂದು ಹಳೆಯ, ಹರಿದ ಹೊದಿಕೆ ಇದ್ದ ಮನೆ! ಹಾಗೆ ನೋಡಿದರೆ ಅವ್ವನ ಕೌದಿ ಇರುವ ಮನೆಯೂ ಒಂದು ಚಾಪೆಲ್ಲೇ ಅಲ್ಲವೇ?

ಅಚ್ಚುಕಟ್ಟು ಬೇರೆ, ಆಡಂಬರ ಬೇರೆ

ಆ ಮಗಳ ಮಾತನ್ನೂ ನಾವು ಕೇಳಬೇಕು. ಹಿಂದಿರುಗುವ ದಾರಿಯಲ್ಲಿ ಆಕೆ ಹೇಳಿದರು: "ಕೌದಿ ಹೊತ್ತು ಹಳ್ಳಕ್ಕ ಹೋಗಿ ಒಗದಾಕಿ ನಾನು ಫಾದರ್. ನೀರು ಕುಡದ ಕೌದಿ ಎತ್ತಬೇಕಂದ್ರ ನಡ ಮುರೀತದ. ಈಗಿನ ಮನ್ಯಾಗ ಒಣಗಿಸಾಕ ಜಾಗ ಎಲ್ಲದ? ಮತ್ತ ಅವತ್ತು ಅಷ್ಟು ಮಂದಿ ಮುಂದ ನಮ್ಮ ಬಡತನ ಕಾಣಬಾರದು ಅನಿಸಿತು." ಇದರಲ್ಲಿ ಸುಳ್ಳೇನಿದೆ? ದುಡಿದು ಮೇಲೆ ಬಂದವರಿಗೆ ಹೊಸದರ ಆಸೆ ಇರುವುದು ಸಹಜ. ಮಿನುಗುವ ಚಾದರ ಕೊಳ್ಳುವುದು ಪಾಪವಲ್ಲ. ಸೊಲ್ಲಾಪುರದ ಹೆಸರಾಂತ ಚಾದರವೂ ಸಾವಿರಾರು ನೇಕಾರ ಕುಟುಂಬಗಳಿಗೆ ಅನ್ನ ಕೊಟ್ಟ ವಸ್ತುವೇ. ಬಡತನವನ್ನು ಹಾಡಿ ಹೊಗಳುವುದು ಅದನ್ನು ಹೊರದವರಿಗೆ ಸುಲಭ.

ಆದ್ದರಿಂದ ಎಲ್ಲರೂ ಕೌದಿಯನ್ನೇ ಹೊದೆಯಿರಿ ಎಂದು ನಾವು ಹೇಳುತ್ತಿಲ್ಲ. ಭಾನುವಾರದ ಪೂಜೆಗೆ ಶುಭ್ರವಾದ ಬಟ್ಟೆ ತೊಟ್ಟು ಬರುವುದು ದೇವರಿಗೆ ಸಲ್ಲಿಸುವ ಗೌರವ. ಮನೆಯನ್ನು ಅಚ್ಚುಕಟ್ಟಾಗಿ ಇಡುವುದು ಗೃಹಿಣಿಯ ಹೆಮ್ಮೆ. ನಮ್ಮ ಆತಂಕ ಬೇರೆ. ಯಾರೋ ಬಂದು ನೋಡುತ್ತಾರೆಂದು ಮನೆಯವರನ್ನು ಮರೆಮಾಡುವಷ್ಟು ಅಂತಸ್ತು ನಮಗೆ ಬೇಕೇ? ಮೊದಲು ಕೌದಿ ಅಟ್ಟಕ್ಕೆ ಹೋಗುತ್ತದೆ. ಆಮೇಲೆ ಅಪ್ಪನ ಕೋಲು ಬಾಗಿಲ ಹಿಂದಕ್ಕೆ ಸರಿಯುತ್ತದೆ. ಇಳಕಲ್ ಸೀರೆ ಉಟ್ಟ ಅತ್ತೆಗೆ 'ನೀವು ಒಳಗೇ ಇರ್ರಿ' ಎಂದು ಮೆಲ್ಲಗೆ ಹೇಳುವ ದಿನವೂ ಬರುತ್ತದೆ. ಮನೆಭೇಟಿಗೆ ಹೋದಾಗ ಹಿಂದಿನ ಕೋಣೆಯಿಂದ ಕೆಮ್ಮು ಮಾತ್ರ ಕೇಳಿ, ಮನುಷ್ಯರು ಕಾಣದ ಮನೆಗಳನ್ನು ನಾವು ನೋಡಿದ್ದೇವೆ. ಹಳೆಯದಕ್ಕೆ ಜಾಗವಿಲ್ಲದ ಮನೆಯಲ್ಲಿ ಹಳಬರಿಗೂ ಜಾಗ ಕಿರಿದಾಗುತ್ತದೆ.

ಗುರುಗಳಾದ ನಮಗೂ ಈ ಮಾತು ಅನ್ವಯಿಸುತ್ತದೆ. ನಿಲುವಂಗಿಯ ಇಸ್ತ್ರಿ, ಕೈಗಡಿಯಾರದ ಕಂಪನಿ, ಪೂಜಾವಸ್ತ್ರದ ಜರಿ ಇವುಗಳ ಮೇಲೆ ನಮ್ಮ ಕಣ್ಣೂ ಹೋಗುತ್ತದೆ. 2013ರಲ್ಲಿ ಪೋಪ್ ಆಗಿ ಆಯ್ಕೆಯಾದ ಫ್ರಾನ್ಸಿಸ್‌ರವರು ತಮ್ಮ ಹಳೆಯ ಕಪ್ಪು ಬೂಟುಗಳನ್ನೂ ಚಿನ್ನವಲ್ಲದ ಸರಳ ಶಿಲುಬೆಯನ್ನೂ ಬಿಡಲಿಲ್ಲ. ಅರಮನೆಯ ಬದಲು ಅತಿಥಿಗೃಹದಲ್ಲೇ ವಾಸ ಮಾಡಿದರು. 2025ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಜಗತ್ತು ನೆನೆದ ಸಂಗತಿಗಳಲ್ಲಿ ಆ ಬೂಟುಗಳೂ ಇದ್ದವು. ಉಡುಪು ಮಾತಾಡುತ್ತದೆ. ಅದು ನಮ್ಮ ಬಗ್ಗೆ ನಿಜ ಹೇಳುತ್ತಿದೆಯೇ ಎಂಬುದೇ ಪ್ರಶ್ನೆ.

ಕೊನೆಯ ತುಂಡು

ಕರಜಗಿಯ ಪಡಸಾಲೆಯಲ್ಲಿ ಅಂದು ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಅಳಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಾಗೆಲ್ಲ ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ತಾಯಿ ಅರ್ಧ ಹೊಲಿದ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸಲು ಎರಡು ಮೂರು ಸಲ ನೋಡಿದರು, ಆಗಲಿಲ್ಲ. ಮಗಳು ಎದ್ದುಬಂದು ಪಕ್ಕದಲ್ಲಿ ಕುಳಿತು ಸೂಜಿ ತೆಗೆದುಕೊಂಡು ದಾರ ಪೋಣಿಸಿಕೊಟ್ಟರು. "ಅದು ಅಟ್ಟದ ಮ್ಯಾಲ ಅದ ಏನವಾ ಇನ್ನೂ?" ಎಂದರು ತಾಯಿ, ಹೊಲಿಗೆಯಿಂದ ತಲೆಯೆತ್ತದೆ. "ಇಲ್ಲವ್ವಾ. ಹುಡುಗರು ಹೊಚ್ಚಿಕೋತಾರ" ಎಂದರು ಮಗಳು. ಆ ಮಾತು ಆ ದಿನದ ಮಟ್ಟಿಗೆ ನಿಜವಾಗಿರಲಿಲ್ಲವೆಂದು ನಮಗೆ ಗೊತ್ತಿತ್ತು. ಆದರೆ ಆಕೆ ಮರುದಿನವೇ ಅದನ್ನು ನಿಜ ಮಾಡಿದರು. ನಮ್ಮ ಸುಳ್ಳಿಗೂ ಆಕೆಯ ಸುಳ್ಳಿಗೂ ಇರುವ ಅಂತರ ಅಷ್ಟು.

ಮುಂದಿನ ಸುಗ್ಗಿಯ ಹೊತ್ತಿಗೆ ಆ ತಾಯಿ ಇರಲಿಲ್ಲ. ಟ್ರಂಕಿನಲ್ಲಿದ್ದ ಹಳೆಯ ಸೀರೆಗಳನ್ನು ಕೊಟ್ಟು ಸ್ಟೀಲಿನ ಭಾಂಡೆ ತೆಗೆದುಕೊಳ್ಳೋಣವೆಂದು ಯಾರೋ ಅಂದರಂತೆ. ಮಗಳು ಆ ಸೀರೆಗಳನ್ನೂ ಅರ್ಧ ಉಳಿದ ಕೌದಿಯನ್ನೂ ಕೇಳಿ ತಂದರು. ಹಗಲು ಮನೆಗೆಲಸ, ಸಂಜೆ ಜಪಸರವಾದ ಮೇಲೆ ಹೊಲಿಗೆ. ಅವ್ವನ ಹೊಲಿಗೆ ನೇರ, ಮಗಳದ್ದು ಸೊಟ್ಟ. ಎಲ್ಲಿ ಒಂದು ಕೈ ನಿಂತು ಇನ್ನೊಂದು ಕೈ ಆರಂಭವಾಯಿತೆಂದು ಕುರುಡರೂ ಮುಟ್ಟಿ ಹೇಳಬಹುದು. ಕೊನೆಯ ತುಂಡು ಮುಚ್ಚುವ ಮುನ್ನ ಆಕೆ ಕೌದಿಯನ್ನು ನಮ್ಮಲ್ಲಿಗೆ ತಂದರು. "ಅವ್ವ ಕಡಿಗಿ ಒಂದು ಚಿಟಿಕಿ ಜೋಳ ಒಳಗ ಹಾಕಿ ಹೊಲೀತಿದ್ಲು ಫಾದರ್, ಕೌದಿ ಹೊಟ್ಟಿ ಹಸಿದಿರಬಾರದಂತ. ಜೋಳ ಹಾಕೀನಿ. ನೀವು ಆಶೀರ್ವಾದ ಮಾಡ್ರಿ" ಎಂದರು. ಅಂದು ಅಟ್ಟಕ್ಕೆ ಹೋಗದ ಪವಿತ್ರ ಜಲವನ್ನು ಆ ಕೌದಿಯ ಮೇಲೆ ಧಾರಾಳವಾಗಿಯೇ ಸಿಂಪಡಿಸಿದೆವು.

ಪ್ರಿಯ ಕುಟುಂಬಗಳೇ, ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಒಮ್ಮೆ ಅಟ್ಟ ನೋಡಿ, ಹಳೆಯ ಟ್ರಂಕು ತೆರೆಯಿರಿ. ಅಜ್ಜಿಯ ಸೀರೆ, ಅಪ್ಪನ ಟೋಪಿ, ತಾತನ ಸವೆದ ಜಪಸರ ಏನು ಸಿಕ್ಕರೂ ಕೆಳಗಿಳಿಸಿ ಮಕ್ಕಳನ್ನು ಸುತ್ತ ಕೂರಿಸಿಕೊಳ್ಳಿ. ಇದು ಯಾರದು, ಅವರು ಹೇಗಿದ್ದರು, ನಮಗಾಗಿ ಏನು ಮಾಡಿದರು ಎಂದು ಹೇಳಿ. ಆ ವಸ್ತುವಿನ ಒಡೆಯರು ಇನ್ನೂ ಬದುಕಿದ್ದರೆ ಮೊದಲು ಅವರ ಕೋಣೆಗೆ ಹೋಗಿ, ಕೈಹಿಡಿದು ಪಡಸಾಲೆಗೆ ಕರೆತನ್ನಿ. ಅತಿಥಿಗಳು ಬಂದ ದಿನ ಅವರನ್ನು ಎಲ್ಲರೆದುರು ಕೂರಿಸಿ, 'ಇವರು ನಮ್ಮ ಅವ್ವ' ಎಂದು ಹೇಳಿ.

ನಮ್ಮ ಮನೆಯ ಅಟ್ಟದಲ್ಲಿ ಹುಡುಕಲು ನಮಗೆ ಏನೂ ಉಳಿದಿಲ್ಲ. ನಿಮಗೆ ಉಳಿದಿದ್ದರೆ ತಡಮಾಡಬೇಡಿ.